ಬಂಪರಿನ ಬೆನ್ನು ನೋಡಿ ಬೆಸುಗೆ ಹಾಕುವುದು

ಒಡೆದ ಬಂಪರ್ ತಂದವರು ಬಿರುಕಿನ ಮೇಲೆಯೇ ಬೆರಳಿಟ್ಟು ತೋರಿಸುತ್ತಾರೆ. ನಾನು ಅದನ್ನು ಆಮೇಲೆ ನೋಡುತ್ತೇನೆ. ಮೊದಲು ಬಂಪರ್ ಕಳಚಿ ಮಗುಚಿ ಹಾಕಿ, ಒದ್ದೆ ಬಟ್ಟೆಯಿಂದ ಅದರ ಒಳಮೈ ಒರೆಸುತ್ತೇನೆ. ಬಳ್ಳಾರಿಯಲ್ಲಿ ಈ ಒರೆಸುವ ಕೆಲಸವೇ ಸ್ವಲ್ಪ ಹೊತ್ತು ಹಿಡಿಯುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯಾದರೆ ಅದಿರಿನ ಕೆಂಪು ಧೂಳು ಮಳೆನೀರಿನೊಂದಿಗೆ ಸೇರಿ ಪದರ ಪದರವಾಗಿ ಅಂಟಿಕೊಂಡಿರುತ್ತದೆ. ಅದು ಹೋದ ಮೇಲೆ ಪ್ಲಾಸ್ಟಿಕ್ಕಿನಲ್ಲಿಯೇ ಅಚ್ಚಾದ ಸಣ್ಣ ಅಕ್ಷರಗಳು ಕಾಣಿಸುತ್ತವೆ. ಎರಡು ಬಾಣದ ಮೊನೆಗಳ ನಡುವೆ ‘ಪಿಪಿ+ಇಪಿಡಿಎಂ-ಟಿ10’ ಎಂಬಂಥ ಬರಹ ಅದು. ನನ್ನ ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಪಿಪಿ ಎಂದರೆ ಪಾಲಿಪ್ರೊಪಿಲೀನ್. ಇಪಿಡಿಎಂ ಅದಕ್ಕೆ ಬೆರೆಸಿದ ರಬ್ಬರು. ಬಂಪರ್ ಗುದ್ದಿದರೂ ಪುಡಿಯಾಗದೆ ಬಾಗುವುದು ಇದರಿಂದಲೇ. ಟಿ10 ಎಂದರೆ ನೂರಕ್ಕೆ ಹತ್ತು ಪಾಲು ಟಾಲ್ಕ್ ಪುಡಿ. ಕಾರು ಯಾವ ಕಂಪನಿಯದ್ದಾದರೂ ಈ ಗುರುತಿನ ಪದ್ಧತಿ ಒಂದೇ, ಐಎಸ್‌ಒ 11469 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು. ಈಗಿನ ಬಂಪರುಗಳಲ್ಲಿ ಹೆಚ್ಚಿನವು ಈ ಪಿಪಿ ಜಾತಿಯವೇ. ಮುಂಭಾಗದ ಗ್ರಿಲ್, ಕನ್ನಡಿಯ ಹೊರಕವಚಗಳು ಸಾಮಾನ್ಯವಾಗಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್. ಹೆಡ್‌ಲೈಟಿನ ಗಾಜು ಎಂದು ನಾವು ಕರೆಯುವುದು ಪಾಲಿಕಾರ್ಬೊನೇಟ್. ಹಿಂದಿನ ದೀಪದ ಕೆಂಪು ಮುಚ್ಚಳ ಅಕ್ರಿಲಿಕ್. ರೇಡಿಯೇಟರಿನ ಎರಡೂ ತುದಿಯ ತೊಟ್ಟಿಗಳು ಗಾಜಿನ ನಾರು ಬೆರೆಸಿದ ನೈಲಾನ್. ಅದರ ಮೇಲೆ ‘ಪಿಎ66-ಜಿಎಫ್30’ ಎಂದಿರುತ್ತದೆ. ಪಿಪಿ ಇವುಗಳಲ್ಲಿ ಯಾವುದರೊಂದಿಗೂ ಬೆರೆಯುವುದಿಲ್ಲ. ಪಿಪಿ ಮೇಲೆ ಎಬಿಎಸ್ ಕಡ್ಡಿ ಕರಗಿಸಿ ಸುರಿದರೆ ನೋಡಲು ಕೂಡಿದಂತೆ ಕಾಣುತ್ತದೆ, ಉಗುರಿನಿಂದ ಎತ್ತಿದರೆ ಸಿಪ್ಪೆಯಾಗಿ ಏಳುತ್ತದೆ. ಕೇಬಲ್ ಟೈಯನ್ನೇ ಬೆಸುಗೆ ಕಡ್ಡಿಯಾಗಿ ಬಳಸುವ ಉಪಾಯ ಎಲ್ಲರಿಗೂ ಗೊತ್ತಿದೆ. ಆದರೆ ಕೇಬಲ್ ಟೈ ನೈಲಾನ್. ಪಿಪಿ ಬಂಪರಿಗೆ ಅದು ಯಾವ ಕಾಲಕ್ಕೂ ಹತ್ತುವುದಿಲ್ಲ.

ಗುರುತೇ ಇಲ್ಲದ ಭಾಗಗಳೂ ಬರುತ್ತವೆ, ವಿಶೇಷವಾಗಿ ಕಂಪನಿಯದ್ದಲ್ಲದ ಅಗ್ಗದ ಬಂಪರುಗಳು. ಆಗ ಒಳಗಿನ ಕಾಣದ ಅಂಚಿನಿಂದ ಬಣ್ಣವಿಲ್ಲದ ಒಂದು ಚೂರು ಕೆತ್ತಿ ಲೋಟದ ನೀರಿಗೆ ಹಾಕುತ್ತೇನೆ. ಬರಿಯ ಪಿಪಿ ನೀರಿಗಿಂತ ಹಗುರ, ತೇಲುತ್ತದೆ; ಎಬಿಎಸ್, ನೈಲಾನ್, ಪಾಲಿಕಾರ್ಬೊನೇಟ್ ಮುಳುಗುತ್ತವೆ. ಇದನ್ನೊಂದನ್ನೇ ನಂಬಬಾರದು. ಟಾಲ್ಕ್ ನೂರಕ್ಕೆ ಇಪ್ಪತ್ತು ಸೇರಿದರೆ ಪಿಪಿ ಕೂಡ ಮುಳುಗುತ್ತದೆ. ಹಾಗಾಗಿ ಹತ್ತಿಯನ್ನು ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿ ಒಳಮೂಲೆಯಲ್ಲಿ ಒತ್ತುತ್ತೇನೆ. ಅಂಟಂಟಾದರೆ ಎಬಿಎಸ್. ಏನೂ ಆಗದಿದ್ದರೆ ಪಿಪಿ ಇರಬಹುದು, ನೈಲಾನೂ ಇರಬಹುದು. ಕೊನೆಗೆ ಚೂರನ್ನು ಇಕ್ಕಳದಲ್ಲಿ ಹಿಡಿದು ಶೆಡ್ಡಿನ ಹೊರಗೆ ಬೆಂಕಿ ತಾಗಿಸುತ್ತೇನೆ. ಪಿಪಿ ಹೆಚ್ಚು ಹೊಗೆಯಿಲ್ಲದೆ ಉರಿದು ತೊಟ್ಟಿಕ್ಕುತ್ತದೆ, ಆರಿಸಿದಾಗ ಮೇಣದಬತ್ತಿಯ ವಾಸನೆ. ಎಬಿಎಸ್ ಕಪ್ಪು ಮಸಿ ಕಾರುತ್ತದೆ. ನೈಲಾನ್ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಹೊಗೆಯನ್ನು ಮೂಗಿನ ಹತ್ತಿರ ತರುವ ಅಗತ್ಯವಿಲ್ಲ, ಅಷ್ಟು ದೂರದಿಂದಲೇ ಗೊತ್ತಾಗುತ್ತದೆ. ಪಿವಿಸಿ ಇರಬಹುದೆಂಬ ಅನುಮಾನ ಬಂದರೆ ಸುಡುವುದೇ ಬೇಡ. ಅದರ ಹೊಗೆ ವಿಷ.

ಗ್ರೈಂಡರ್ ಚಕ್ರವೂ ಒಂದು ಸುಳಿವು ಕೊಡುತ್ತದೆ. ಎಬಿಎಸ್ ಉಜ್ಜಿದರೆ ನುಣ್ಣನೆಯ ಪುಡಿ ಉದುರುತ್ತದೆ. ಪಿಪಿ ಉಜ್ಜಿದರೆ ಪುಡಿಯಾಗದೆ ಮೆತ್ತಗಾಗಿ ನೂಲುನೂಲಾಗಿ ಏಳುತ್ತದೆ.

ವಿಮೆ ಇರುವಾಗ ರಿಪೇರಿ ಏಕೆ, ಹೊಸದೇ ಹಾಕಿಸುತ್ತೇನೆ ಎನ್ನುವವರಿಗೆ ನಾನು ಲೆಕ್ಕ ಹೇಳುತ್ತೇನೆ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಕಾರು ಎಷ್ಟೇ ಹೊಸದಿರಲಿ, ಪ್ಲಾಸ್ಟಿಕ್ಕಿಗೆ ಇದೇ ದರ. ಸವಕಳಿ ಕಳೆಯದ ‘ಝೀರೋ ಡೆಪ್’ ಸೌಲಭ್ಯ ಸೇರಿಸಿಕೊಂಡಿದ್ದರೆ ಮಾತು ಬೇರೆ. ಅದಲ್ಲದೆ ಒಮ್ಮೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಅದು ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 50ಕ್ಕೆ ಏರಿರುತ್ತದೆ. ಒಂದು ಗೇಣು ಬಿರುಕಿಗಾಗಿ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಬಂಪರನ್ನು ಕಾರಿಗೆ ಹಿಡಿದಿಡುವ ಕಿವಿಗಳು ಒಂದೂ ಉಳಿಯದೆ ಮುರಿದು, ತುಂಡುಗಳೂ ರಸ್ತೆಯಲ್ಲೇ ಉಳಿದುಹೋಗಿದ್ದರೆ ಮಾತ್ರ ಹೊಸದು ಕೊಳ್ಳಿ ಎನ್ನುತ್ತೇನೆ.

ಬಂಪರ್ ಕಳಚಿದಾಗ ಒಳಗಿನ ಕಬ್ಬಿಣದ ಅಡ್ಡಪಟ್ಟಿಯನ್ನೂ ನೋಡಲೇಬೇಕು. ಹೊರಗಿನ ಪ್ಲಾಸ್ಟಿಕ್ ಗುದ್ದು ತಿಂದು ಮತ್ತೆ ಉಬ್ಬಿಕೊಂಡು ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ, ಹಿಂದಿನ ಪಟ್ಟಿ ಬಾಗಿರುತ್ತದೆ. ಹೊದಿಕೆಗೆ ಮಾತ್ರ ಬೆಸುಗೆ ಹಾಕಿ ಕಳುಹಿಸಿದರೆ ಮುಂದಿನ ಗುದ್ದು ನೇರ ರೇಡಿಯೇಟರಿಗೆ.

ಇನ್ನು ಬೆಸುಗೆಗೆ ಬರೋಣ. ಸೋಪಿನ ನೀರಿನಲ್ಲಿ ಎರಡೂ ಮೈ ತೊಳೆದು, ಒಣಗಿಸಿ, ಮೇಣ ಮತ್ತು ಎಣ್ಣೆ ತೆಗೆಯುವ ದ್ರಾವಣದಿಂದ ಒರೆಸುತ್ತೇನೆ. ನಮ್ಮೂರಿನ ಧೂಳಿನಲ್ಲಿ ಇದು ಬಿಡಬಾರದ ಹೆಜ್ಜೆ. ಬಿರುಕಿನೊಳಗೆ ಅದಿರಿನ ಪುಡಿ ಉಳಿದರೆ ಕರಗಿದ ಕಪ್ಪು ಪ್ಲಾಸ್ಟಿಕ್ಕಿನ ನಡುವೆ ಸಣ್ಣ ಕೆಂಪು ಗೆರೆ ಎಳೆದಂತೆ ಕಾಣುತ್ತದೆ. ಅಷ್ಟು ಜಾಗದಲ್ಲಿ ಬೆಸುಗೆ ಹಿಡಿದಿಲ್ಲ ಎಂದೇ ಅರ್ಥ. ಬಂಪರ್ ಸೊಟ್ಟಗಾಗಿದ್ದರೆ ಬೆಸುಗೆಗೆ ಮುಂಚೆಯೇ ಸರಿಮಾಡಬೇಕು. ಕುದಿಯುವ ನೀರನ್ನು ತಗ್ಗಿನ ಮೇಲೆ ನಿಧಾನವಾಗಿ ಸುರಿದು ಹಿಂದಿನಿಂದ ಅಂಗೈಯಲ್ಲಿ ಒತ್ತಿದರೆ ಹಳೆಯ ಆಕಾರಕ್ಕೆ ತಾನೇ ಹೊರಳುತ್ತದೆ. ತಕ್ಷಣ ತಣ್ಣೀರು ಹಾಕಿದರೆ ಅಲ್ಲಿಯೇ ನಿಲ್ಲುತ್ತದೆ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯ ಬಿಸಿಲಿಗೆ ಮಧ್ಯಾಹ್ನ ಒಂದಷ್ಟು ಹೊತ್ತು ಇಟ್ಟರೆ ಮೆತ್ತಗಾಗುತ್ತದೆ, ಆಮೇಲೆ ನೀರು ಕಡಿಮೆ ಸಾಕು.

ಬಿರುಕು ಕೊನೆಗೊಳ್ಳುವ ಜಾಗದಲ್ಲಿ ಮೂರು ಮಿಲಿಮೀಟರಿನ ತೂತು ಕೊರೆಯುತ್ತೇನೆ. ಇಲ್ಲದಿದ್ದರೆ ಮುಂದಿನ ರಸ್ತೆ ಉಬ್ಬಿನ ಏಟಿಗೆ ಬಿರುಕು ಮತ್ತೆ ಮುಂದಕ್ಕೆ ಓಡುತ್ತದೆ. ಎರಡು ಅಂಚುಗಳನ್ನು ಮುಂಭಾಗದಲ್ಲಿ ಸರಿಯಾಗಿ ಹೊಂದಿಸಿ ಅಲ್ಯೂಮಿನಿಯಂ ಟೇಪ್ ಹಚ್ಚುತ್ತೇನೆ. ಹಿಂದಿನಿಂದ ಅಲ್ಲಲ್ಲಿ ಚುಕ್ಕೆಯಂತೆ ಕರಗಿಸಿ ಹಿಡಿಸಿ, ಬಿರುಕಿನುದ್ದಕ್ಕೂ ದಪ್ಪದ ಮೂರರಲ್ಲಿ ಎರಡು ಪಾಲು ಆಳಕ್ಕೆ ‘ವಿ’ ಆಕಾರದ ಕಾಲುವೆ ಕೊರೆಯುತ್ತೇನೆ. ಬೆಸುಗೆ ಕಡ್ಡಿಯನ್ನು ನಾನು ಅಂಗಡಿಯಿಂದ ಕೊಳ್ಳುವುದು ಕಡಿಮೆ. ಗುಜರಿಗೆ ಹೋಗಬೇಕಾದ ಬಂಪರುಗಳ ತುಂಡುಗಳನ್ನು ಗುರುತು ನೋಡಿ ಬೇರೆ ಬೇರೆ ಡಬ್ಬಗಳಲ್ಲಿ ಇಟ್ಟಿರುತ್ತೇನೆ. ಅದೇ ಜಾತಿಯ ತುಂಡಿನಿಂದ ಬಣ್ಣ ಕೆರೆದು ಕಿರುಬೆರಳಿಗಿಂತ ಸಣ್ಣ ಪಟ್ಟಿ ಸೀಳಿಕೊಂಡರೆ ಅದಕ್ಕಿಂತ ಒಳ್ಳೆಯ ಕಡ್ಡಿ ಇಲ್ಲ.

ಬಿಸಿಗಾಳಿ ಗನ್ನನ್ನು ಪಿಪಿಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿಗೆ, ಎಬಿಎಸ್‌ಗೆ ಸುಮಾರು 350ಕ್ಕೆ ಇಡುತ್ತೇನೆ. ನಿಜವಾದ ಲೆಕ್ಕ ಮಾತ್ರ ಕಣ್ಣಿನದು. ಕಾಲುವೆಯ ಅಂಚು ಮೊದಲು ಹೊಳಪಾಗುತ್ತದೆ, ಆಮೇಲೆ ತುಸು ಒದ್ದೆಯಾದಂತೆ ಕಾಣುತ್ತದೆ. ಕಡ್ಡಿಯ ತುದಿಯೂ ಅದೇ ಹೊತ್ತಿಗೆ ಒದ್ದೆಯಾಗಬೇಕು. ಆಗ ಕಡ್ಡಿಯನ್ನು ನೇರ ನಿಲ್ಲಿಸಿ ಒತ್ತುತ್ತಾ ಹೋದರೆ ಎರಡೂ ಪಕ್ಕಗಳಲ್ಲಿ ತೆಳುವಾದ ಏರಿ ಉಬ್ಬಿ ಬರುತ್ತದೆ. ಏರಿ ಒಂದೇ ಪಕ್ಕಕ್ಕೆ ಬಂದರೆ ಕೈ ಆ ಕಡೆಗೆ ವಾಲಿದೆ. ಹೊಗೆ ಎದ್ದರೆ ಕಾವು ಹೆಚ್ಚಾಯಿತು, ಪ್ಲಾಸ್ಟಿಕ್ ಸುಟ್ಟು ಕೆಡುತ್ತಿದೆ. ಆರಿದ ಮೇಲೆ ಕಡ್ಡಿಯ ಉಳಿದ ಬಾಲವನ್ನು ಹಿಡಿದು ಜಗ್ಗುತ್ತೇನೆ. ಬಾಲ ಹರಿಯಬೇಕು, ಬೆಸುಗೆ ಏಳಬಾರದು. ಹಿಂಭಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಪಟ್ಟಿ ಕಾಯಿಸಿ ಒಳಗಿಳಿಸಿ ಅದರ ಮೇಲೊಂದು ಪದರ ಕರಗಿಸುತ್ತೇನೆ. ಆಮೇಲೆ ಟೇಪ್ ಕಿತ್ತು ಮುಂಭಾಗದಲ್ಲಿಯೂ ಇದೇ ಕೆಲಸ.

ಈಗ ಎಲ್ಲೆಡೆ ಹಾಟ್ ಸ್ಟೇಪ್ಲರ್ ಬಂದಿದೆ. ಅಲೆಯಾಕಾರದ ಸ್ಟೀಲ್ ಪಿನ್ನು ಕಾಯಿಸಿ ಪ್ಲಾಸ್ಟಿಕ್ಕಿಗೆ ಊರುವ ಯಂತ್ರ. ಅಂಚುಗಳನ್ನು ಹಿಡಿದಿಡಲು ಬಹಳ ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ ಬರಿಯ ಪಿನ್ನು ಹೊಡೆದು ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಡುವುದನ್ನು ರಿಪೇರಿ ಎಂದು ನಾನು ಒಪ್ಪುವುದಿಲ್ಲ. ಬಿರುಕು ಪಿನ್ನುಗಳ ನಡುವೆ ಬಾಯಿ ಬಿಟ್ಟುಕೊಂಡೇ ಇರುತ್ತದೆ, ಮೊದಲ ಬೇಸಿಗೆಗೆ ಪುಟ್ಟಿಯ ಮೇಲೆ ಗೆರೆ ಮೂಡುತ್ತದೆ.

‘ಉಸ್ತಾದ್, ಅಂಟು ಹಾಕಿ ಕೊಡಿ, ಸಂಜೆ ತೋರಣಗಲ್ಲಿಗೆ ಬಾಡಿಗೆ ಇದೆ’ ಎಂದು ಟ್ಯಾಕ್ಸಿಯವರು ಅವಸರ ಮಾಡುತ್ತಾರೆ. ‘ಅಣ್ಣಾ, ಗ್ರಿಲ್ ಆಗಿದ್ದರೆ ಹಾಕಿ ಕೊಡುತ್ತಿದ್ದೆ’ ಎನ್ನುತ್ತೇನೆ. ತಮಾಷೆಯ ಮಾತಲ್ಲ. ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ನೆನೆಸಿದರೆ ಗಟ್ಟಿ ಗಂಜಿಯಂತಾಗುತ್ತದೆ. ಅದನ್ನು ಒಡೆದ ಗ್ರಿಲ್ಲಿಗೆ ತುಂಬಿ ಒಂದು ದಿನ ಮುಟ್ಟದೆ ಬಿಟ್ಟರೆ ಅದೂ ಅದೂ ಒಂದೇ ಪ್ಲಾಸ್ಟಿಕ್ ಆಗುತ್ತದೆ. ಪಿಪಿ ಹಾಗಲ್ಲ, ಅದರ ಮೈ ಯಾವ ಅಂಟನ್ನೂ ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ಕ್ಷಣದಲ್ಲಿ ಹಿಡಿಯುವ ಐದು ರೂಪಾಯಿ ಅಂಟು ಅದರ ಮೇಲೆ ಗಾಜಿನಂತೆ ಒಣಗಿ, ಬಂಪರ್ ಅಲುಗಿದೊಡನೆ ಚಿಟ್ಟನೆ ಬಿಡುತ್ತದೆ.

ಇದೇ ಕಾರಣಕ್ಕೆ ಬಣ್ಣವೂ ಪಿಪಿ ಮೇಲೆ ನಿಲ್ಲುವುದಿಲ್ಲ. ಬಂಪರಿನ ಬಣ್ಣ ಹಾಳೆಯಂತೆ ಸುಲಿದು ಬಂದ ಕಾರುಗಳನ್ನು ನೀವು ನೋಡಿರುತ್ತೀರಿ. ಬೆಸುಗೆಯನ್ನು 80 ನಂಬರಿನ ಪೇಪರಿನಿಂದ ಶುರುಮಾಡಿ 180, 320 ಎಂದು ಉಜ್ಜಿದ ಮೇಲೆ, ಬರಿ ಪ್ಲಾಸ್ಟಿಕ್ ಕಾಣುವ ಕಡೆಯೆಲ್ಲ ಬಣ್ಣ ಹಿಡಿಯುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್ ಹೊಡೆಯದೆ ನಾನು ಪ್ರೈಮರ್ ಡಬ್ಬ ತೆರೆಯುವುದಿಲ್ಲ. ಪುಟ್ಟಿಯೂ ಪ್ಲಾಸ್ಟಿಕ್ಕಿಗೆಂದೇ ಮಾಡಿದ, ಬಾಗುವ ಜಾತಿಯದ್ದೇ ಆಗಬೇಕು. ತಗಡಿಗೆ ಹಾಕುವ ಪುಟ್ಟಿ ಗಟ್ಟಿ, ಬಂಪರ್ ಬಾಗಿದಾಗ ಅದು ಒಡೆಯುತ್ತದೆ. ಹಿಂದಿನ ಬಂಪರಿನಲ್ಲಿ ಪಾರ್ಕಿಂಗ್ ಸೆನ್ಸರುಗಳ ತೂತಿನ ಸುತ್ತ ಇನ್ನೂ ಎಚ್ಚರ ಬೇಕು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಇವು ಕಡ್ಡಾಯವಾಗಿವೆ. ತೂತಿನ ಅಂಚು ಸ್ವಲ್ಪ ಸೊಟ್ಟಗಾಗಿ ಸೆನ್ಸರ್ ವಾಲಿದರೂ, ಅದರ ಮೇಲೆ ಬಣ್ಣ ದಪ್ಪಗೆ ಕೂತರೂ ಅದು ಹಿಂದೆ ಏನೂ ಇಲ್ಲದಿದ್ದಾಗ ಕೂಗುತ್ತದೆ, ಗೋಡೆ ಬಂದಾಗ ಸುಮ್ಮನಿರುತ್ತದೆ. ಬಣ್ಣ ಹೊಡೆಯುವಾಗ ಸೆನ್ಸರ್ ತೆಗೆದಿಡುವುದೇ ನನ್ನ ಪದ್ಧತಿ.

ಹೆಡ್‌ಲೈಟಿನ ಕಿವಿ ಮುರಿದರೆ ಇಡೀ ದೀಪ ಬದಲಿಸಬೇಕು ಎಂದು ಹೇಳಿ ಕಳುಹಿಸುವುದು ಮಾಮೂಲಿ. ಆ ಕಿವಿ ಸಾಮಾನ್ಯವಾಗಿ ಟಾಲ್ಕ್ ಹೆಚ್ಚಿರುವ ಪಿಪಿ. ಕೆಲವು ಕಾರುಗಳಿಗೆ ಕಂಪನಿಯೇ ಸ್ಕ್ರೂ ಹಾಕುವ ಬದಲಿ ಕಿವಿ ಮಾರುತ್ತದೆ, ಸಿಕ್ಕಿದರೆ ಅದೇ ಉತ್ತಮ. ಸಿಗದಿದ್ದರೆ ಮುರಿದ ತುಂಡನ್ನು ಸ್ಟೀಲ್ ಪಿನ್ನಿನಿಂದ ಹಿಡಿಸಿ ಬೆಸೆಯುತ್ತೇನೆ. ಆದರೆ ಬೆಸೆಯುವ ಮುಂಚೆ ದೀಪವನ್ನು ಕಾರಿನಲ್ಲಿಟ್ಟು ಬಾನೆಟ್ಟಿನ ಸಂದು ಸಮ ಇದೆಯೇ ನೋಡಿಯೇ ಗುರುತು ಹಾಕಬೇಕು. ಕಿವಿ ಎರಡು ಮಿಲಿಮೀಟರ್ ಸರಿದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಮೂರು ಕೆಲಸಗಳನ್ನು ಎಷ್ಟು ಕೇಳಿದರೂ ಮುಟ್ಟುವುದಿಲ್ಲ. ಏರ್‌ಬ್ಯಾಗ್ ಮುಚ್ಚಳ ಒಡೆದಿದ್ದರೆ ಬೆಸುಗೆ ಇಲ್ಲ. ಅದು ನಿಗದಿತ ಗೆರೆಯಲ್ಲಿಯೇ ಹರಿದು ತೆರೆದುಕೊಳ್ಳಬೇಕು, ನನ್ನ ಬೆಸುಗೆ ಅದನ್ನು ತಡೆಯಬಹುದು. ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕಿನ ಬಳಿ ಗನ್ ಹಿಡಿಯುವುದಿಲ್ಲ. ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ. ರೇಡಿಯೇಟರ್ ತೊಟ್ಟಿಯ ಬಿರುಕಿಗೆ ಎಪಾಕ್ಸಿ ಅಂಟು ಮೆತ್ತುವುದಿಲ್ಲ. ಕುದಿಯುವ ಕೂಲಂಟ್ ಒತ್ತಡದಲ್ಲಿ ನಿಲ್ಲುವ ಜಾಗ ಅದು. ‘ಹಂಪಿಯವರೆಗೆ ಹೋಗಿ ಬರುವಷ್ಟು ಮಾಡಿಕೊಡಿ ಸಾಕು’ ಎಂದು ಕೇಳುವವರಿಗೆ ರೇಡಿಯೇಟರ್ ಅಂಗಡಿಯ ದಾರಿ ತೋರಿಸುತ್ತೇನೆ, ಅಲ್ಲಿ ಹೊಸ ತೊಟ್ಟಿ ಹಾಕಿ ಅಂಚು ಮಡಿಚಿ ಕೊಡುತ್ತಾರೆ.