ಬೆಲ್ಟ್ ಬಿಚ್ಚಿದಾಗ ನಿಂತ ಸದ್ದು

ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರಿನ ಬಾನೆಟ್‌ನೊಳಗಿನಿಂದ, ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವಂತಹ ಗರಗರ ಸದ್ದು ಬರತೊಡಗಿತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಿದ್ದಾಗ ಅದು ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಮನೆಯ ಕೆಳಗಿನ ಪಾರ್ಕಿಂಗ್‌ನಲ್ಲಿ, ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ಕುಳಿತರೆ ಮಾತ್ರ ಸ್ಪಷ್ಟವಾಗಿತ್ತು. ಬಡಾವಣೆಯ ಗ್ಯಾರೇಜಿನವರು ಒಂದು ನಿಮಿಷ ಕಿವಿಗೊಟ್ಟು, "ಸರ್, ಟೈಮಿಂಗ್ ಚೈನ್ ಹೋಗಿದೆ, ಇಂಜಿನ್ ಬಿಚ್ಚಬೇಕಾಗುತ್ತದೆ" ಎಂದರು. ಟೈಮಿಂಗ್ ಚೈನ್ ಎಂದರೆ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಶಾಫ್ಟನ್ನು ತಿರುಗಿಸುವ, ಇಂಜಿನ್ನಿನೊಳಗಿನ ಸರಪಳಿ. ಹಲವು ವರ್ಷಗಳಿಂದ ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್‌ಗಳ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತಿರುವುದರಿಂದ, ಒಪ್ಪಿಗೆ ಕೊಡುವ ಮೊದಲು ನಾನೇ ಒಮ್ಮೆ ಹುಡುಕಿ ನೋಡುವುದೆಂದು ನಿರ್ಧರಿಸಿದೆ.

ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಎರಡು ಗೆರೆಗಳ ನಡುವೆ ಸರಿಯಾಗಿತ್ತು. ನಂತರ ನಾನು ಗಮನಿಸಿದ್ದು ಸದ್ದಿನ ಲಯವನ್ನು. ಇಂಜಿನ್ ನಿಂತಲ್ಲೇ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುವಾಗ, ಕ್ಯಾಮ್ ಶಾಫ್ಟ್ ಅದರ ಅರ್ಧ ವೇಗದಲ್ಲಿ, ಎಂದರೆ ಸೆಕೆಂಡಿಗೆ ಆರೇಳು ಸುತ್ತು ತಿರುಗುತ್ತದೆ. ಆದ್ದರಿಂದ ಒಂದು ವಾಲ್ವ್ ಸಡಿಲವಾಗಿದ್ದರೆ ಸದ್ದು ಟಕ್ ಟಕ್ ಎಂದು ಎಣಿಸಬಹುದಾದ ಪೆಟ್ಟುಗಳಾಗಿ ಬರುತ್ತದೆ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೂ ಕೇಳಿಸುವುದು ಪೆಟ್ಟೇ, ಅದು ಇನ್ನೂ ಭಾರವಾಗಿರುತ್ತದೆ. ಸಡಿಲಗೊಂಡ ಚೈನ್ ಹೆಚ್ಚಾಗಿ ತಣ್ಣನೆಯ ಇಂಜಿನ್ ಚಾಲೂ ಆದ ಮೊದಲ ಕೆಲವು ಸೆಕೆಂಡು, ಆಯಿಲ್ ಒತ್ತಡ ಏರುವವರೆಗೆ ಜೋರಾಗಿ ಕಟಕಟ ಎನ್ನುತ್ತದೆ. ನನ್ನ ಕಾರಿನದು ಇವಾವುವೂ ಆಗಿರಲಿಲ್ಲ. ಅದು ಪೆಟ್ಟುಗಳಿಲ್ಲದ, ಎಡೆಬಿಡದ ಸದ್ದು; ಆಕ್ಸಿಲರೇಟರ್ ಒತ್ತಿದಂತೆಲ್ಲ ಅದರ ಸ್ವರ ಏರುತ್ತಿತ್ತು. ಇದು ತಿರುಗುವ ಬೇರಿಂಗ್‌ನ ಲಕ್ಷಣವೆಂದು ನನಗೆ ಆಗಲೇ ಬಲವಾಗಿ ಅನ್ನಿಸಿತು.

ಆದರೆ ಯಾವ ಬೇರಿಂಗ್? ಮಗಳನ್ನು ಒಳಗೆ ಕೂರಿಸಿ, ಉದ್ದನೆಯ ಸ್ಕ್ರೂ ಡ್ರೈವರ್‌ನ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ತುದಿಯನ್ನು ಒಂದೊಂದೇ ಭಾಗಕ್ಕೆ ಮುಟ್ಟಿಸುತ್ತ ಹೋದೆ. "ಅಪ್ಪ, ಇನ್ನೂ ಸ್ವಲ್ಪ ಒತ್ತಲಾ?" ಎಂದು ಅವಳು ಕೇಳಿದಾಗಲೆಲ್ಲ, ಕೈಯೂ ತೋಳಿನ ಬಟ್ಟೆಯೂ, ಆಲ್ಟರ್ನೇಟರ್, ಏಸಿ ಕಂಪ್ರೆಸರ್ ಮುಂತಾದವನ್ನು ಇಂಜಿನ್ನಿನ ಬಲದಿಂದ ತಿರುಗಿಸುವ ಬೆಲ್ಟಿನಿಂದ ದೂರವಿವೆಯೇ ಎಂದು ನೋಡಿಕೊಂಡೇ ಹೂಂ ಎನ್ನುತ್ತಿದ್ದೆ. ಇಲ್ಲಿ ನಾನು ತಪ್ಪಿದೆ. ಏಸಿ ಹಾಕಿದಾಗ ಸದ್ದು ಹೆಚ್ಚುತ್ತಿದ್ದುದರಿಂದ ಕಂಪ್ರೆಸರ್ ಹಾಳಾಗಿದೆಯೆಂದು ನಂಬಿ ಒಂದು ದಿನ ಕಳೆದೆ. ಏಸಿ ಹಾಕಿದರೆ ಬೆಲ್ಟಿನ ಮೇಲೆ ಹೊರೆ ಬಿದ್ದು, ಆ ಬೆಲ್ಟು ಸುತ್ತುವ ಎಲ್ಲ ಪುಲ್ಲಿಗಳ ಮೇಲಿನ ಎಳೆತ ಬದಲಾಗುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಅಲ್ಲದೆ ಲೋಹದ ಮೂಲಕ ಸದ್ದು ಹರಿಯುವುದರಿಂದ ಆಲ್ಟರ್ನೇಟರ್, ಕಂಪ್ರೆಸರ್ ಎರಡರಲ್ಲೂ ಅದು ಹೆಚ್ಚುಕಡಿಮೆ ಒಂದೇ ತೆರನಾಗಿ ಕೇಳಿಸುತ್ತಿತ್ತು.

ಮರುದಿನ ಬೆಲ್ಟ್ ಯಾವ ಪುಲ್ಲಿಯ ಮೇಲಿಂದ ಹೇಗೆ ಹಾದುಹೋಗಿದೆಯೆಂದು ಕಾಗದದ ಮೇಲೆ ಬರೆದುಕೊಂಡು, ಬೆಲ್ಟನ್ನು ಕಳಚಿ ಇಂಜಿನ್ ಚಾಲೂ ಮಾಡಿದೆ. ಗರಗರ ಸದ್ದು ಸಂಪೂರ್ಣ ನಿಂತಿತ್ತು. ಹೀಗೆ ಮಾಡುವವರು ಅರ್ಧ ನಿಮಿಷದೊಳಗೆ ಇಂಜಿನ್ ನಿಲ್ಲಿಸಬೇಕು. ಹಲವು ಕಾರುಗಳಲ್ಲಿ ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟಿನಿಂದ, ಅದು ನಿಂತರೆ ಇಂಜಿನ್ ಬಿಸಿಯಾಗುತ್ತದೆ. ಆ ಬಳಿಕ ಇಂಜಿನ್ ನಿಲ್ಲಿಸಿ, ಕೀ ತೆಗೆದು, ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದೆ. ಆಲ್ಟರ್ನೇಟರ್ ನಯವಾಗಿತ್ತು, ವಾಟರ್ ಪಂಪ್ ಅಲುಗಾಡಲಿಲ್ಲ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಪುಲ್ಲಿಯನ್ನು ತಿರುಗಿಸಿದಾಗ ಮಾತ್ರ ಒಳಗೆ ರವೆ ಸಿಕ್ಕಿಕೊಂಡಂತೆ ಬೆರಳಿಗೆ ಕರಕರ ಎನ್ನಿಸಿತು. ಅದರ ನಡುವಿನಲ್ಲಿ ಕೆಮ್ಮಣ್ಣಿನ ಬಣ್ಣದ ಸಣ್ಣ ಪುಡಿ ಮೆತ್ತಿಕೊಂಡಿತ್ತು.

ಪುಲ್ಲಿಯನ್ನು ಬಿಚ್ಚಿಕೊಂಡು, ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಬೇರಿಂಗ್‌ನ ಪಕ್ಕದಲ್ಲಿ 6203 ಎಂದು ಕೊರೆದಿತ್ತು: ಒಳವ್ಯಾಸ 17 ಮಿ.ಮೀ., ಹೊರವ್ಯಾಸ 40 ಮಿ.ಮೀ., ದಪ್ಪ 12 ಮಿ.ಮೀ. ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ ತೆಗೆದುಕೊಂಡೆ. ಹತ್ತಿರದ ಲೇತ್ ಅಂಗಡಿಯ ಹಿರಿಯರು ಹಳೆಯದನ್ನು ಪ್ರೆಸ್‌ನಲ್ಲಿ ಹೊರದಬ್ಬಿ, ಹೊಸದನ್ನು ಕೂರಿಸುವ ಮೊದಲು ಅದರ ಹೊರಬಳೆಯ ಅಳತೆಯ ಕೊಳವೆಯನ್ನು ಹುಡುಕಿ ತಂದರು. "ಒಳಬಳೆ ಮೇಲೆ ಒತ್ತಬಾರದು ಸ್ವಾಮಿ, ಒತ್ತಿದರೆ ಗುಂಡುಗಳಿಗೆ ಇಲ್ಲೇ ಏಟು ಬೀಳುತ್ತೆ" ಎಂದರು. ಮನೆಯಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸುವ ಯೋಚನೆಯೂ ನನಗಿತ್ತು. ಹಾಗೆ ಮಾಡದೆ ಅವರ ಬಳಿ ಹೋದದ್ದು ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ. ಬೆಲ್ಟಿನ ಒಳಬದಿಯಲ್ಲಿ ಬಿರುಕುಗಳು ಕಂಡದ್ದರಿಂದ ಅದನ್ನೂ ಹೊಸದಾಗಿ ಹಾಕಿದೆ.

ಹಳೆಯ ಬೇರಿಂಗ್‌ನ ಸೀಲನ್ನು ಚಾಕುವಿನ ತುದಿಯಿಂದ ಎಬ್ಬಿಸಿ ನೋಡಿದೆ. ಗ್ರೀಸ್ ಇರಬೇಕಾದ ಜಾಗದಲ್ಲಿ ಒದ್ದೆಯಾದ ತುಕ್ಕಿತ್ತು, ಗುಂಡುಗಳು ಓಡುವ ಹಾದಿಯಲ್ಲಿ ಸಣ್ಣ ಸಣ್ಣ ಕುಳಿಗಳೆದ್ದಿದ್ದವು. ಸದ್ದು ಆರಂಭವಾಗುವ ಸುಮಾರು ಎರಡು ವಾರ ಮೊದಲು, ಚಕ್ರದ ಅರ್ಧದಷ್ಟು ನೀರು ನಿಂತಿದ್ದ ಅಂಡರ್‌ಪಾಸ್ ಒಂದರಲ್ಲಿ ನಾನು ಕಾರನ್ನು ನುಗ್ಗಿಸಿದ್ದೆ. ಆ ಪುಲ್ಲಿ ಇರುವುದು ಇಂಜಿನ್ನಿನ ಕೆಳಭಾಗದಲ್ಲಿ, ಬಲ ಚಕ್ರದ ಪಕ್ಕದಲ್ಲೇ.