ನನ್ನ ಪೇಪರ್‌ಗಳ ಪಟ್ಟಿಯನ್ನು ಕೂತು ಸರಿಮಾಡಿದ್ದು

ಹೋದ ವರ್ಷ ಒಂದು ಅನುದಾನಕ್ಕೆ ಅರ್ಜಿ ಹಾಕಬೇಕಿತ್ತು. ಜೊತೆಗೆ ಇಲ್ಲಿವರೆಗಿನ ಸಂಶೋಧನಾ ಪೇಪರ್‌ಗಳ ಪಟ್ಟಿಯನ್ನೂ ಕೊಡಬೇಕು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ, ಹಿಡಿದದ್ದು ಮೂರು ವಾರ. ಮೆಟಬಾಲಿಸಂ, ಫಿಸಿಯಾಲಜಿ ಕಡೆ ಈಗಷ್ಟೇ ಕಾಲಿಟ್ಟವರಿಗೆ ಉಪಯೋಗಕ್ಕೆ ಬರಬಹುದು ಅಂತ ಆ ಮೂರು ವಾರದ ಕತೆ ಬರೆಯುತ್ತಿದ್ದೇನೆ.

ಮೊದಲ ತಲೆನೋವು ಹೆಸರಿನದ್ದು. ಕೆಲವು ಪೇಪರ್‌ನಲ್ಲಿ ನನ್ನ ಹೆಸರಿಗೆ ಒಂದು ಇನಿಶಿಯಲ್, ಕೆಲವದರಲ್ಲಿ ಎರಡು. ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ಹುಡುಕಿದರೆ ನನ್ನ ಅರ್ಧ ಕೆಲಸ ಕಾಣೆ, ಅದರ ಬದಲು ನನ್ನದೇ ಹೆಸರಿನ ಬೇರೆಯವರ ಪೇಪರ್‌ಗಳು ರಾಶಿ ರಾಶಿ. ಒಬ್ಬೊಬ್ಬ ಸಂಶೋಧಕರಿಗೂ ಬೇರೆ ಬೇರೆ ಇರುವ ಆರ್ಕಿಡ್ (ORCID) ಅನ್ನುವ 16 ಅಂಕಿಯ ಗುರುತು 2012ರಿಂದಲೇ ಇದೆ. ನಾನೂ ಯಾವತ್ತೋ ಮಾಡಿಸಿಕೊಂಡು ಸುಮ್ನೆ ಬಿಟ್ಟಿದ್ದೆ. ಈಗ ಒಂದೊಂದೇ ಪೇಪರನ್ನು ಅದರ ಡಿಒಐ, ಅಂದರೆ ಪೇಪರಿನ ಕಾಯಂ ಗುರುತಿನ ಸಂಖ್ಯೆ, ಹಾಕಿ ಸೇರಿಸುತ್ತಾ ಹೋದೆ. ಜರ್ನಲ್‌ಗೆ ಮುಂಚೆ ಆನ್‌ಲೈನ್‌ನಲ್ಲಿ ಹಾಕಿದ ಪ್ರಿಪ್ರಿಂಟ್ ಒಂದು ಸಲ, ಜರ್ನಲ್‌ನಲ್ಲಿ ಬಂದದ್ದು ಇನ್ನೊಂದು ಸಲ, ಸಮ್ಮೇಳನದ ಸಾರಾಂಶ ಮತ್ತೊಂದು ಸಲ ಅಂತ ಒಂದೇ ಕೆಲಸ ಮೂರು ಸಾಲು ತಿಂದಿತ್ತು. ಒಂದು ಮಾಡಿದೆ. ಪಟ್ಟಿ ಚಿಕ್ಕದಾಯಿತು, ಆದರೆ ನಿಜವಾಯಿತು.

ಆಮೇಲೆ ಪ್ರತಿ ಪೇಪರನ್ನೂ ತೆಗೆದು ಮೊದಲಿಂದ ಕೊನೆವರೆಗೆ ಓದಿದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮದೇ ಹಳೆಯ ಪೇಪರನ್ನು ನಾವು ಓದುವುದೇ ಇಲ್ಲ ಅಲ್ವಾ?

ಒಂಬತ್ತನೆಯದರ ಹತ್ತಿರ ಬಂದು ನಿಂತುಬಿಟ್ಟೆ. ಜಾಸ್ತಿ ಕೊಬ್ಬಿನ ಆಹಾರ ತಿಂದ ಇಲಿಗಳ ಬಗ್ಗೆ ನಾನೇ ಮೊದಲ ಲೇಖಕನಾಗಿ ಬರೆದದ್ದು. ಇಲಿಗಳನ್ನು ಮೆಟಬಾಲಿಕ್ ಕೇಜ್‌ನಲ್ಲಿಟ್ಟು ಅವು ಎಳೆದುಕೊಂಡ ಆಮ್ಲಜನಕ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಅಳೆದಿದ್ದೆವು. ಇಂಗಾಲದ ಡೈಆಕ್ಸೈಡನ್ನು ಆಮ್ಲಜನಕದಿಂದ ಭಾಗಿಸಿದ ಅನುಪಾತ 0.7ರ ಹತ್ತಿರ ಇದ್ದರೆ ದೇಹ ಕೊಬ್ಬು ಸುಡುತ್ತಿದೆ ಅಂತ, 1ರ ಹತ್ತಿರ ಇದ್ದರೆ ಕಾರ್ಬೋಹೈಡ್ರೇಟ್ ಅಂತ. ಆ ಭಾಗದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಪಕ್ಕದ ಚಿತ್ರದಲ್ಲಿ. ಖರ್ಚಾದ ಶಕ್ತಿಯನ್ನು ನೇರವಾಗಿ ದೇಹದ ತೂಕದಿಂದ ಭಾಗಿಸಿ, ದಪ್ಪ ಇಲಿಗಳು ಕಡಿಮೆ ಶಕ್ತಿ ಖರ್ಚು ಮಾಡುತ್ತವೆ ಅಂತ ಬರೆದಿದ್ದೆ. ಒಂದು ಗ್ರಾಂ ಕೊಬ್ಬು ಒಂದು ಗ್ರಾಂ ಯಕೃತ್ತಿನಷ್ಟು ಶಕ್ತಿ ಬಳಸುವುದಿಲ್ಲ. ಇಲಿಗೆ ಸೇರಿದ ತೂಕ ಹೆಚ್ಚಾಗಿ ಕೊಬ್ಬೇ ಆದಾಗ ತೂಕದಿಂದ ಭಾಗಿಸಿದರೆ ಉತ್ತರ ತಾನಾಗೇ ಕಡಿಮೆ ಬರುತ್ತದೆ, ಇಲಿ ಏನನ್ನೂ ಕಡಿಮೆ ಮಾಡಿರಬೇಕಾಗಿಲ್ಲ.

ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ ಮೂಲ ಅಂಕಿಗಳನ್ನು ತೆಗೆದೆ. ಅಡ್ಡಕ್ಕೆ ತೂಕ, ಉದ್ದಕ್ಕೆ ಶಕ್ತಿಯ ಖರ್ಚು, ಒಂದೊಂದು ಇಲಿಗೆ ಒಂದೊಂದು ಚುಕ್ಕೆ. ಎರಡೂ ಗುಂಪಿನ ಚುಕ್ಕೆಗಳು ಒಂದೇ ಗೆರೆಯ ಆಚೀಚೆ ಕೂತವು. ತೂಕವನ್ನು ಲೆಕ್ಕಕ್ಕೆ ತಂದು ಗುಂಪುಗಳನ್ನು ಹೋಲಿಸುವ ಆಂಕೋವಾ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕ ಮಾಡಿದೆ, ನಾನು ಹೇಳಿದ್ದ ವ್ಯತ್ಯಾಸ ಉಳಿಯಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಅದೂ ಅಲ್ಲದೆ, ಪೇಪರ್‌ನ ವಿಧಾನದ ಭಾಗದಲ್ಲಿ ಕೋಣೆಯ ಉಷ್ಣತೆ ಎಷ್ಟಿತ್ತು ಅಂತ ಬರೆದೇ ಇರಲಿಲ್ಲ. 22 ಡಿಗ್ರಿಯಲ್ಲಿ ಇಲಿ ಮೈ ಬೆಚ್ಚಗಿಡಲಿಕ್ಕೇ ಎಷ್ಟೋ ಶಕ್ತಿ ಸುಡುತ್ತದೆ, ಆ ಖರ್ಚು ಇಳಿಯಬೇಕಾದರೆ ಉಷ್ಣತೆ ಸುಮಾರು 30ಕ್ಕೆ ಏರಬೇಕು. ಓದುವವರಿಗೆ ಇದು ಗೊತ್ತಾಗದೆ ನನ್ನ ಅಂಕಿಯನ್ನು ಏನಂತ ಅರ್ಥ ಮಾಡಿಕೊಳ್ಳಬೇಕು?

ಸಹಲೇಖಕರಿಗೆಲ್ಲ ಚಿತ್ರ ಕಳಿಸಿದೆ. ಒಬ್ಬರು ಈಗ್ಯಾಕೆ ಅಂದರು, ಉಳಿದವರು ಕಳಿಸು ಅಂದರು. ಜರ್ನಲ್‌ಗೆ ತಿದ್ದುಪಡಿ ಬರೆದು ಕಳಿಸಿದೆವು.

ಕೊನೆಯ ವಾರ ಇನ್ನೊಂದು ಕೆಲಸ ಮಾಡಿದೆ. ಪ್ರತಿ ಪೇಪರ್ ಕೆಳಗೆ ಅದರಲ್ಲಿ ನನ್ನ ಪಾಲು ಏನು ಅಂತ ಒಂದು ಸಾಲು. ಕ್ರೆಡಿಟ್ ಅನ್ನುವ ಪದ್ಧತಿಯಲ್ಲಿ ಇದಕ್ಕೆ 14 ಪಾತ್ರಗಳಿವೆ, ಆದರೆ ನಾನು ಬಿಡಿಸಿ ಬರೆದೆ. ಹನ್ನೊಂದು ಲೇಖಕರಲ್ಲಿ ನಾನು ಏಳನೆಯವನಾದ ಪೇಪರ್ ಒಂದಿದೆ, ಹೆಸರು ನೋಡಿ ಯಾರೂ ಏನೂ ಊಹಿಸಲಾರರು. ಕೊಟ್ಟ ಗ್ಲೂಕೋಸನ್ನು ದೇಹ ರಕ್ತದಿಂದ ಎಷ್ಟು ಬೇಗ ತೆಗೆಯುತ್ತದೆ ಅಂತ ನೋಡುವ ಅದರ ಗ್ಲೂಕೋಸ್ ಟಾಲರೆನ್ಸ್ ಪರೀಕ್ಷೆಗಳೆಲ್ಲ ನನ್ನವು. ಆರು ಗಂಟೆ ಉಪವಾಸ ಇಟ್ಟ ಹನ್ನೆರಡು ಇಲಿ, ಒಂದು ನಿಮಿಷಕ್ಕೊಂದರಂತೆ ಹೊಟ್ಟೆಗೆ ಗ್ಲೂಕೋಸ್ ಚುಚ್ಚುಮದ್ದು. ಕೊನೆಯದನ್ನು ಮುಗಿಸಿ ಮೂರು ನಿಮಿಷ ಉಸಿರು ಬಿಡುವುದರೊಳಗೆ ಮೊದಲನೆಯದರ 15ನೇ ನಿಮಿಷ ಬಂತು, ಬಾಲದ ತುದಿಯಿಂದ ಒಂದು ಹನಿ ರಕ್ತ ಸ್ಟ್ರಿಪ್‌ಗೆ. ಹಾಗೇ 30, 60, 90, 120. ನಾನು ಅಂಕಿ ಕೂಗುವುದು, ಜೊತೆಗಿದ್ದ ಹುಡುಗಿ ಬರೆದುಕೊಳ್ಳುವುದು. ಅವಳ ಹೆಸರು ಆ ಪೇಪರ್‌ನಲ್ಲಿಲ್ಲ, ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಅರ್ಜಿಯಲ್ಲಿ ಎಷ್ಟು ಪೇಪರ್‌ಗೆ ಎಷ್ಟು ಉಲ್ಲೇಖ ಸಿಕ್ಕಿದೆ ಅಂತ ಒಂದೇ ಅಂಕಿಯಲ್ಲಿ ಹೇಳುವ ಎಚ್-ಇಂಡೆಕ್ಸ್‌ಗೂ ಒಂದು ಖಾನೆ ಇತ್ತು, ತುಂಬಿದೆ. ನನ್ನ ಎಲ್ಲಕ್ಕಿಂತ ಜಾಸ್ತಿ ಉಲ್ಲೇಖ ಸಿಕ್ಕ ಪೇಪರ್ ಒಂಬತ್ತನೆಯದೇ. ಅದರ ಕೆಳಗೆ ಈಗ ತಿದ್ದುಪಡಿಯ ಡಿಒಐ ಇದೆ, ಪಕ್ಕದಲ್ಲಿ ಆ ಚುಕ್ಕೆಗಳ ಮೂಲ ಅಂಕಿಗಳ ಫೈಲ್.