ಇಂಗ್ಲಿಷ್ ನುಡಿಗಟ್ಟನ್ನು ಪ್ಯಾಸಿವ್‌ಗೆ ತಿರುಗಿಸುವ ಮುನ್ನ

ಇಂಗ್ಲಿಷ್ ನುಡಿಗಟ್ಟುಗಳನ್ನು ಆ್ಯಕ್ಟಿವ್‌ನಿಂದ ಪ್ಯಾಸಿವ್‌ಗೆ (ಅಂದರೆ ಕರ್ತರಿಯಿಂದ ಕರ್ಮಣಿಗೆ) ಬದಲಿಸುವಾಗ ನಾನೊಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ನುಡಿಗಟ್ಟಿನೊಳಗಿನ ನಾಮಪದಕ್ಕೆ ತನ್ನದೇ ಅರ್ಥ ಇದೆಯಾ ಅಂತ ನೋಡುತ್ತೇನೆ.

‘ಸ್ಪಿಲ್ ದ ಬೀನ್ಸ್’ ಅಂದರೆ ಗುಟ್ಟು ಬಿಟ್ಟುಕೊಡುವುದು. ಇಲ್ಲಿ ಬೀನ್ಸ್ ಅಂದರೆ ಗುಟ್ಟು, ಅಲ್ವಾ? ಹಾಗಾಗಿ ‘ದ ಬೀನ್ಸ್ ವರ್ ಸ್ಪಿಲ್ಡ್’ ಸರಿ. ‘ದ ಐಸ್ ವಾಸ್ ಬ್ರೋಕನ್’ ಕೂಡ ಸರಿ, ಅಲ್ಲಿ ಐಸ್ ಅಂದರೆ ಮೊದಲ ಭೇಟಿಯ ಬಿಗುವು. ಆದರೆ ‘ಕಿಕ್ ದ ಬಕೆಟ್’ ಅಂದರೆ ಸಾಯುವುದು. ಅಲ್ಲಿ ಬಕೆಟ್ ಯಾವುದನ್ನೂ ಸೂಚಿಸುವುದಿಲ್ಲ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಯಾರೋ ನಿಜವಾಗಿ ಬಕೆಟ್ ಒದ್ದರು ಅಂತಲೇ ಕೇಳಿಸುತ್ತದೆ. ಅದನ್ನು ಆ್ಯಕ್ಟಿವ್‌ನಲ್ಲೇ ಬಿಡಿ.

ಜಾಸ್ತಿ ತಪ್ಪಾಗುವುದು ಕೊನೆಯ ಪ್ರಿಪೋಸಿಷನ್‌ನಲ್ಲಿ. ‘ದೇ ಮೇಡ್ ಫನ್ ಆಫ್ ಹಿಮ್’ (ಅವನನ್ನು ಗೇಲಿ ಮಾಡಿದರು) ಎನ್ನುವುದು ‘ಹಿ ವಾಸ್ ಮೇಡ್ ಫನ್ ಆಫ್’ ಆಗುತ್ತದೆ. ಕೊನೆಯಲ್ಲಿ ‘ಆಫ್’ ಒಂಟಿಯಾಗಿ ಕಾಣುತ್ತದೆ, ನಿಜ. ಆದರೂ ಸುಮ್ನೆ ಕಿತ್ತುಹಾಕಬೇಡಿ, ವಾಕ್ಯವೇ ಕೆಡುತ್ತದೆ.

‘ಟೇಕ್ ಅಡ್ವಾಂಟೇಜ್ ಆಫ್’ಗೆ (ಒಬ್ಬರನ್ನು ದುರುಪಯೋಗಪಡಿಸಿಕೊಳ್ಳುವುದು) ಎರಡು ಪ್ಯಾಸಿವ್ ರೂಪಗಳಿವೆ. ‘ಶಿ ವಾಸ್ ಟೇಕನ್ ಅಡ್ವಾಂಟೇಜ್ ಆಫ್’, ‘ಅಡ್ವಾಂಟೇಜ್ ವಾಸ್ ಟೇಕನ್ ಆಫ್ ಹರ್’. ಮಾತಿನಲ್ಲಿ ಮೊದಲನೆಯದೇ ಸಹಜ.